ಬೆರಳಿಗೆ ಗೊತ್ತಿದ್ದದ್ದು

ಮೇಜಿನ ಮೇಲೆ ರಬ್ಬರಿನ ಕೈಯೊಂದು ಅಂಗೈ ಮೇಲಾಗಿ ಮಲಗಿತ್ತು. ಅದರೊಳಗೆ ಕೆಂಪು ನೀರು ಹರಿಯುವ ಸಣ್ಣ ಕೊಳವೆಗಳಿದ್ದವು. ವರ್ಷವರ್ಷವೂ ಬಂದ ವಿದ್ಯಾರ್ಥಿಗಳೆಲ್ಲ ಚುಚ್ಚಿ ಚುಚ್ಚಿ, ಕೊಳವೆ ಹೋದ ದಾರಿಯುದ್ದಕ್ಕೂ ಇರುವೆ ಸಾಲಿನಂತೆ ತೂತು ಬಿದ್ದಿತ್ತು.

"ಇದ್ರಲ್ಲಿ ನರ ಹುಡುಕೋದೇನು ಬಂತು ಮಣ್ಣು. ತೂತು ಹುಡುಕಿದ್ರೆ ಸಾಕು," ಎಂದು ಜೊತೆಯಲ್ಲೇ ತರಬೇತಿಗೆ ಬಂದಿದ್ದ ಹೆರಿಗೆ ವಾರ್ಡಿನ ಸಿಸ್ಟರ್ ಅಕ್ಕನ ಕಿವಿಯಲ್ಲಿ ಉಸುರಿದಳು.

ಅಕ್ಕನಿಗೆ ನಗು ಬಂತು. ಆದರೆ ಆ ದಿನ ನಗುವ ದಿನವಾಗಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವಳು ಇದೇ ಕೈಯನ್ನು ಮುಂದಿಟ್ಟುಕೊಂಡು, ಹೊರಗಿನಿಂದ ಬಂದ ಪರೀಕ್ಷಕಿಯ ಎದುರು, ಮೂವರು ಎಳೆಯ ವಿದ್ಯಾರ್ಥಿಗಳಿಗೆ ಡ್ರಿಪ್ ಹಾಕುವುದನ್ನು ಕಲಿಸಿ ತೋರಿಸಬೇಕಿತ್ತು.

ಅವಳನ್ನು ಹಳೆಯ ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಒಂದೇಚುಚ್ಚಕ್ಕ’ ಎಂದು, ಒಂದೇ ಚುಚ್ಚಿಗೆ ನರ ಹಿಡಿಯುವವಳಾದ್ದರಿಂದ. ಯಾವ ವಾರ್ಡಿನಲ್ಲಾದರೂ ಸರಿ, ರೋಗಿಯ ಕೈಯಲ್ಲಿ ನರ ಸಿಗದೆ ಇಬ್ಬರು ಮೂವರು ಚುಚ್ಚಿ ಸೋತ ಮೇಲೆ ಅವಳಿಗೆ ಕರೆ ಹೋಗುತ್ತಿತ್ತು. ಪಠ್ಯದಲ್ಲಿ ಆ ನರಕ್ಕೆ ಅಭಿಧಮನಿ ಎಂಬ ಬೇರೆ ಹೆಸರಿದೆ. ವಾರ್ಡಿನಲ್ಲಿ ಮಾತ್ರ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅದು ನರವೇ. ಅಕ್ಕ ಬರುತ್ತಿದ್ದಳು, ರೋಗಿಯ ಕೈ ಹಿಡಿದು ಊರುಕೇರಿಯ ಮಾತು ಕೇಳುತ್ತಿದ್ದಳು, ಮಾತು ಮುಗಿಯುವುದರೊಳಗೆ ಸೂಜಿ ಒಳಗೆ ಹೋಗಿರುತ್ತಿತ್ತು. ಹೊಸ ಹುಡುಗಿಯರು ಬಾಯಿ ಬಿಟ್ಟು ನೋಡಿ, "ಅಕ್ಕಾ, ಹೇಗೆ ಸಿಗುತ್ತೆ ನಿಮಗೆ?" ಎಂದು ಕೇಳುತ್ತಿದ್ದರು. "ಮಾಡ್ತಾ ಮಾಡ್ತಾ ಬರುತ್ತೆ ಕಣ್ರೇ," ಎನ್ನುತ್ತಿದ್ದಳು. ಇದೇ ಪ್ರಶ್ನೆ, ಇದೇ ಉತ್ತರ. ಒಂದು ದಿನ ಆ ಉತ್ತರ ಹೇಳುತ್ತಿದ್ದ ಹಾಗೇ ಅವಳಿಗೇ ಅದು ಸಪ್ಪೆ ಎನಿಸಿತು. ಹೌದಲ್ಲ, ನಿಜವಾಗಿ ಹೇಗೆ ಸಿಗುತ್ತೆ? ಆ ಕುತೂಹಲ ಒಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ನರ್ಸಿಂಗ್ ಕಲಿಸುವವರಾಗಲು ಅನುಭವಸ್ಥ ನರ್ಸುಗಳಿಗೆ ಒಂದು ವರ್ಷದ ಮೇಲ್ಪದವಿ ತರಬೇತಿ ಇದೆ ಎಂದು ತಿಳಿದಾಗ, ಮನೆಯಲ್ಲಿ ಹೇಳುವ ಮೊದಲೇ ಅರ್ಜಿ ಹಾಕಿಬಿಟ್ಟಿದ್ದಳು.

ತರಗತಿಯಲ್ಲಿದ್ದವರೆಲ್ಲ ಅವಳಂಥವರೇ. ನಿಂತು ನಿಂತು ಅಭ್ಯಾಸವಾದ ಕಾಲುಗಳನ್ನು ಬೆಂಚಿನ ಕೆಳಗೆ ಎಲ್ಲಿ ಇಡಬೇಕೆಂದು ತಿಳಿಯದವರು. ಮೊದಲ ವಾರ ಯಾರದೋ ಮೊಬೈಲು ಕೀ ಕೀ ಎಂದದ್ದಕ್ಕೆ ಅರ್ಧ ತರಗತಿ ಎದ್ದು ನಿಂತಿತ್ತು, ಡ್ರಿಪ್ ಮುಗಿದ ಸದ್ದು ಎಂದುಕೊಂಡು. ಪಾಠ ಮಾಡುತ್ತಿದ್ದ ಮೇಡಂ ನಗಲಿಲ್ಲ. "ಕೂತ್ಕೊಳ್ಳಿ. ಈಗ ಯಾಕೆ ಎದ್ರಿ ಅಂತ ಯೋಚನೆ ಮಾಡಿ. ಯಾರೂ ಹೇಳಿಲ್ಲ, ನೀವೂ ತೀರ್ಮಾನ ಮಾಡಿಲ್ಲ. ಮೈ ಎದ್ದಿದೆ. ಈ ಮೈಯಲ್ಲಿ ಏನೇನು ಸೇರ್ಕೊಂಡಿದೆ ಅಂತ ಮೊದಲು ತಿಳ್ಕೊಳ್ಳಿ, ಆಮೇಲೆ ಇನ್ನೊಬ್ಬರಿಗೆ ಕಲಿಸುವಿರಂತೆ," ಎಂದಿದ್ದರು. ಕಡ್ಡಿಯ ಹಾಗಿದ್ದ ಆ ಹೆಂಗಸು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಆದರೂ ಎಲ್ಲರಿಗೂ ಅವರೆಂದರೆ ಪುಕಪುಕ.

ಅಕ್ಕನ ಪರೀಕ್ಷಾ ಪಾಠ ಚೆನ್ನಾಗಿಯೇ ಶುರುವಾಯಿತು. ಕೈ ತೊಳೆಯುವುದು, ಗ್ಲೌಸು ಹಾಕುವುದು, ತೋಳಿಗೆ ರಬ್ಬರ್ ಪಟ್ಟಿ ಕಟ್ಟುವುದು, ಎಲ್ಲವನ್ನೂ ಒಂದೊಂದಾಗಿ ತೋರಿಸಿದಳು. ಆಮೇಲೆ ವಿದ್ಯಾರ್ಥಿಗಳ ಸರದಿ. ಉದ್ದನೆಯ ಹುಡುಗಿ ಮಾಡಿದಳು, ಕನ್ನಡಕದ ಹುಡುಗ ಮಾಡಿದ. ಮೂರನೆಯವಳು ನಡುಗುವ ಹುಡುಗಿ. ಎಲ್ಲರೂ ಅವಳನ್ನು ಪುಕ್ಕಲಿ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಪುಕ್ಕಲಿಯ ಸೂಜಿ ಕೊಳವೆಯ ಪಕ್ಕಕ್ಕೆ ಹೋಯಿತು. ಅವಳು ಅದನ್ನು ಒಳಗೇ ಆ ಕಡೆ ಈ ಕಡೆ ತಿರುಗಿಸಿದಳು. ರಬ್ಬರಿನ ಕೈಯಿಂದ ಕೆಂಪು ನೀರು ಜಿನುಗಿ ಮೇಜಿನ ಮೇಲೆ ಹರಿಯಿತು.

ಆಗ ಏನಾಯಿತು ಎಂದು ಅಕ್ಕನಿಗೆ ಆಮೇಲೂ ನೆಟ್ಟಗೆ ಹೇಳಲಾಗಲಿಲ್ಲ. ಅವಳ ಬಲಗೈ ಹೋಯಿತು, ಅಷ್ಟೆ. ಹುಡುಗಿಯ ಬೆರಳುಗಳ ನಡುವಿನಿಂದ ಸೂಜಿ ತೆಗೆದುಕೊಂಡಿತು, ಓರೆ ಮಾಡಿತು, ಒಂದೇ ಸಲಕ್ಕೆ ಒಳಗೆ ಇಳಿಸಿತು. ಹುಡುಗ ಚಪ್ಪಾಳೆ ತಟ್ಟಿದ. ಉದ್ದನೆಯವಳು "ಅಬ್ಬಾ!" ಎಂದಳು. ಪರೀಕ್ಷಕಿಯೂ ಮುಗುಳ್ನಕ್ಕು ಏನೋ ಬರೆದುಕೊಂಡರು. ಅಕ್ಕನಿಗೂ ಒಳಗೊಳಗೇ ಹಿಗ್ಗು.

ಪಾಠ ಮುಗಿದು ಪರೀಕ್ಷಕಿ ಹೊರಟ ಮೇಲೆ, ಹೊರಗೆ ಮೊಗಸಾಲೆಯಲ್ಲಿ ಮೇಡಂ ಕಾದಿದ್ದರು.

"ಆ ಹುಡುಗಿ ಇವತ್ತು ಏನು ಕಲಿತ್ಲು?"

"ಸೂಜಿ ಹಾಕೋದು..." ಎಂದು ಶುರು ಮಾಡಿದ ಅಕ್ಕ ಅಲ್ಲೇ ನಿಂತಳು.

"ಹಾಕಿದ್ದು ನೀವು. ತನ್ನ ಕೈಲಾಗಲ್ಲ ಅಂತ ಮಾತ್ರ ಅವಳು ಕಲಿತ್ಲು. ಅದನ್ನ ಚೆನ್ನಾಗಿ ಕಲಿಸಿದ್ರಿ." ಮೇಡಂ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಕ್ಕರೂ ಪರೀಕ್ಷಕರು ನಿಮ್ಮನ್ನ ಫೇಲ್ ಮಾಡಿದ್ದಾರೆ. ಮುಂದಿನ ತಿಂಗಳು ಇನ್ನೊಂದು ಅವಕಾಶ ಇದೆ. ಅದೇ ಪರೀಕ್ಷಕರು, ಅದೇ ಪಾಠ, ಅದೇ ಮಕ್ಕಳು. ಅಲ್ಲೂ ಆಗದಿದ್ರೆ ಮುಗೀತು."

ಮುಗಿಯಿತು ಎಂದರೆ ಏನೆಂದು ಅಕ್ಕನಿಗೆ ಗೊತ್ತಿತ್ತು. ಕಲಿಸುವ ಕೆಲಸದ ಬಾಗಿಲು ಮುಚ್ಚಿದಂತೆ. ಆಸ್ಪತ್ರೆಯವರು ಇಂಥ ರಜೆಯನ್ನು ಇನ್ನೊಮ್ಮೆ ಕೊಡುವುದಿಲ್ಲ. ಹಳೆಯ ವಾರ್ಡು, ಹಳೆಯ ಕರೆ, ಹಳೆಯ ಪ್ರಶ್ನೆ, ಅದೇ ಸಪ್ಪೆ ಉತ್ತರ.

"ಅಲ್ಲ ಮೇಡಂ, ಕಣ್ಣೆದುರಿಗೆ ರಕ್ತ ಸುರೀತಿದ್ರೆ ಕೈ ಕಟ್ಕೊಂಡು ಹೇಗೆ ನಿಲ್ಲೋದು?"

"ಅದು ಬಣ್ಣದ ನೀರು," ಎಂದು ಮೇಡಂ ಹೊರಟುಹೋದರು.

ಮನೆಯಲ್ಲಿ ಆ ಸಂಜೆ ಅಕ್ಕ ಗಂಡನ ಎಡಗೈ ಹಿಡಿದು ಕಣ್ಣು ಮುಚ್ಚಿ ಕೂತಳು. ಅವನು ಬಸ್ಸಿನ ಡ್ರೈವರು. ಕೆಲಸ ಮುಗಿಸಿ ಬಂದು ಬನಿಯನ್ನಿನಲ್ಲಿ ಕೂತು ಟೀ ಕುಡಿಯುತ್ತಿದ್ದ.

"ಅಮ್ಮಾ, ನೋಡಿಲ್ಲಿ, ನಿನ್ನ ಸೊಸೆಗೆ ಇವತ್ತು ನನ್ನ ಮೇಲೆ ಪ್ರೀತಿ ಉಕ್ಕಿ ಬಂದಿದೆ," ಎಂದ.

"ಪ್ರೀತಿನೂ ಇಲ್ಲ, ಗೀತಿನೂ ಇಲ್ಲ. ಸುಮ್ನಿರಿ, ನರ ನೋಡ್ತಿದ್ದೀನಿ."

"ಇಷ್ಟು ವರ್ಷಕ್ಕೆ ಕೈ ಹಿಡಿದ್ಲು ಅಂದ್ರೆ ಅದೂ ನರ ನೋಡೋಕೆ!"

ಅತ್ತೆ ಅಡುಗೆಮನೆಯಿಂದ ಬಂದು ತಮ್ಮ ಕೈಯನ್ನೂ ಚಾಚಿದರು. "ಅವನದ್ರಲ್ಲೇನಿದೆ, ಕಂಬದ ಹಾಗಿದೆ. ನನ್ನದು ನೋಡೇ. ಹುಡುಕೋದೇ ಬೇಡ, ಬಳ್ಳಿ ಹಬ್ಬಿದ ಹಾಗೆ ಮೇಲೇ ಇದೆ."

"ನಿಮ್ಮದು ಕಣ್ಣಿಗೆ ಕಾಣುತ್ತೆ ಅತ್ತೆ. ಕಾಣದೇ ಇರೋದು ಬೇಕು ನಂಗೆ."

"ಕಾಣದೇ ಇರೋದು ಬೇಕಂತೆ. ಓದು ಹೆಚ್ಚಾಯ್ತು ಇವಳಿಗೆ."

ಅಕ್ಕ ತನ್ನದೇ ಬೆರಳನ್ನು ಕದ್ದು ನೋಡುವವಳ ಹಾಗೆ ಕೂತಿದ್ದಳು. ವಿಚಿತ್ರವೆಂದರೆ ತನ್ನ ಬಲಗೈ ಏನೂ ಮಾಡುತ್ತಿರಲಿಲ್ಲ. ಹುಡುಕುತ್ತಿದ್ದದ್ದು ಎಡಗೈಯ ತೋರುಬೆರಳು. ಇಷ್ಟು ವರ್ಷ ಎಲ್ಲರೂ ಹೊಗಳಿದ್ದು ಸೂಜಿ ಹಿಡಿದ ಕೈಯನ್ನು. ಅಸಲಿ ಕೆಲಸ ಇನ್ನೊಂದು ಕೈಯದು! ಆ ಬೆರಳು ಒತ್ತುತ್ತಿತ್ತು, ಬಿಡುತ್ತಿತ್ತು, ಸ್ವಲ್ಪ ಸರಿದು ಮತ್ತೆ ಒತ್ತುತ್ತಿತ್ತು. ಒತ್ತಿದಾಗ ಅಲ್ಲ, ಬಿಟ್ಟಾಗ ಅದಕ್ಕೇನೋ ತಿಳಿಯುತ್ತಿತ್ತು. ಏನು?

"ರೀ, ನಿಮ್ಮ ಬೆರಳು ಕೊಡಿ. ಇಲ್ಲಿ ಒತ್ತಿ. ಏನನ್ಸುತ್ತೆ?"

"ಗಟ್ಟಿ. ತಂತಿ ಇದ್ದ ಹಾಗೆ."

"ಬೆರಳು ಆಡಿಸಿದ್ರೆ ಅದೂ ಆಡುತ್ತಲ್ಲ, ಅದು ನರ ಅಲ್ಲ. ಈಗ ಇಲ್ಲಿ?"

ಗಂಡ ಟೀ ಲೋಟ ಕೆಳಗಿಟ್ಟ. ತನ್ನ ಕೈಯೊಳಗೆ ಏನಿದೆ ಎಂಬ ಕುತೂಹಲ ಈಗ ಅವನಿಗೂ ಹತ್ತಿತ್ತು. "ಇದು ಬೇರೆ ಕಣೇ. ಸೈಕಲ್ ಟ್ಯೂಬಿಗೆ ಅರ್ಧ ಗಾಳಿ ಹಾಕಿ ಒತ್ತಿದ್ರೆ ಹೇಗೆ ಇರುತ್ತೆ, ಹಾಗೆ. ಒಳಗೆ ಹೋಗುತ್ತೆ, ವಾಪಸ್ ಬರುತ್ತೆ."

"ವಾಪಸ್ ಬರುತ್ತೆ," ಎಂದಳು ಅಕ್ಕ. ಇನ್ನೊಮ್ಮೆ ಹೇಳಿದಳು. ಅವಳ ಮುಖ ನೋಡಿ ಅತ್ತೆ, "ಇವಳಿಗೆ ಏನೋ ಸಿಕ್ತು," ಎಂದು ಒಳಗೆ ಹೋದರು.

ಮಾರನೆಯ ದಿನ ಮೂವರು ವಿದ್ಯಾರ್ಥಿಗಳನ್ನು ಬಿಡುವಿನ ವೇಳೆಯಲ್ಲಿ ಕರೆದಳು. ಹೇಗೆ ಮಾಡುತ್ತಾರೋ ಮಾಡಲಿ, ತಾನು ಬಾಯಿ ಬಿಡದೆ ಬರಿದೆ ನೋಡುವುದು ಎಂದು ತೀರ್ಮಾನಿಸಿ ಗೋಡೆಗೆ ಒರಗಿ ನಿಂತಳು. ಉದ್ದನೆಯ ಹುಡುಗಿ ಸೂಜಿ ಹಿಡಿದಳು. ಚುಚ್ಚುವ ಮುನ್ನ ಎರಡೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಳು. ಕನ್ನಡಕದ ಹುಡುಗನೂ ತುದಿಗಾಲಲ್ಲಿ ನಿಂತ. ಪುಕ್ಕಲಿಯೂ ನಿಂತಳು, ಅವಳಿಗೆ ಆಯ ತಪ್ಪಿ ಮೇಜು ಹಿಡಿಯಬೇಕಾಯಿತು.

"ಹಿಮ್ಮಡಿ ಯಾಕೆ ಎತ್ತುತ್ತೀರಿ?"

ಮೂವರೂ ಮುಖ ಮುಖ ನೋಡಿಕೊಂಡರು. "ನೀವು ಹಾಗೇ ಮಾಡಿದ್ರಲ್ಲ ಮಿಸ್," ಎಂದ ಹುಡುಗ. "ಜೋರು ಸಿಗುತ್ತೇನೋ ಅಂದ್ಕೊಂಡ್ವಿ."

ಅಕ್ಕ ಮೊದಲು ತಬ್ಬಿಬ್ಬಾದಳು, ಆಮೇಲೆ ನಕ್ಕದ್ದು ನಕ್ಕದ್ದೇ. ಅವಳು ಕುಳ್ಳಿ. ಹಳೆಯ ಆಸ್ಪತ್ರೆಯ ಮಂಚಗಳು ಎತ್ತರ. ತುದಿಗಾಲಲ್ಲಿ ನಿಲ್ಲದಿದ್ದರೆ ರೋಗಿಯ ಕೈ ಎಟುಕುತ್ತಲೇ ಇರಲಿಲ್ಲ. ಇಲ್ಲಿ ಮೇಜು ಗಿಡ್ಡ, ಮಕ್ಕಳು ಉದ್ದ. ಆದರೂ ಮೂವರೂ ಬ್ಯಾಲೆ ಕುಣಿಯುವವರ ಹಾಗೆ ನಿಂತಿದ್ದರು.

ನಗು ಇಳಿದ ಮೇಲೆ ಅವಳಿಗೆ ಯೋಚನೆ ಹತ್ತಿತು. ಈ ಮಕ್ಕಳು ದಡ್ಡರಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಳ್ಳಷ್ಟೂ ಬಿಡದೆ ಎತ್ತಿಕೊಂಡಿದ್ದಾರೆ, ಬೇಡದ ಹಿಮ್ಮಡಿಯ ಸಮೇತ. ಬೇಕಾದದ್ದು ಮಾತ್ರ ಕಣ್ಣಿಗೆ ಬೀಳುವಂಥದ್ದಲ್ಲ. ಅದು ಬೆರಳಿನ ಕೆಳಗೆ ನಡೆಯುತ್ತದೆ. ಎಷ್ಟು ಸಲ ಮಾಡಿ ತೋರಿಸಿದರೂ ಅದು ತೋರುವುದಿಲ್ಲ. ರಬ್ಬರಿನ ಕೈಯಂತೂ ತಾನು ಏನು ಅನುಭವಿಸಿದೆ ಎಂದು ಹೇಳುವುದಿಲ್ಲ.

ಕೈ ಮಾತಾಡುವಂತಿದ್ದರೆ?

ಅವಳು ನೇರ ಮೇಡಂ ಕೋಣೆಗೆ ಹೋದಳು.

"ಮೇಡಂ, ಪರೀಕ್ಷೆ ದಿನ ರಬ್ಬರ್ ಕೈ ಬೇಡ. ನನ್ನ ಕೈ ಕೊಡ್ತೀನಿ."

ಮೇಡಂ ಕನ್ನಡಕ ತೆಗೆದರು. "ಮಕ್ಕಳು ಒಬ್ಬರಿಗೊಬ್ಬರು ಹಾಕೋದುಂಟು, ನಾವು ಒಪ್ತೀವಿ. ಟೀಚರ್ ಕೈ ಕೊಟ್ಟದ್ದು ನಾನು ನೋಡಿಲ್ಲ. ಕೈ ಕೊಟ್ಟು ಕೂತ್ರೆ ಪಾಠ ಯಾರು ಮಾಡ್ತಾರೆ?"

"ನಾನೇ. ಒಳಗಿನಿಂದ ಹೇಳ್ತೀನಿ. ಬೆರಳು ಎಲ್ಲಿ ಒತ್ತಿತು, ಸೂಜಿ ಎತ್ತ ಹೋಯ್ತು, ಎಲ್ಲ ನಂಗೆ ಗೊತ್ತಾಗುತ್ತಲ್ಲ."

"ಯಾವ ಕೈ?"

"ಬಲಗೈ. ಆ ಕಳ್ಳನ್ನ ಕಟ್ಟಿ ಹಾಕಿದ್ರೆ ತಾನೇ ಸೂಜಿ ಕಿತ್ಕೊಳ್ಳೋಲ್ಲ."

ಮೇಡಂ ತುಟಿಯ ಒಂದು ಕೊನೆ ಅಲುಗಿತು. "ಪುಕ್ಕಲಿನೇ ಚುಚ್ಚಬೇಕು ಅಂತ ಪರೀಕ್ಷಕರು ಕೇಳ್ತಾರೆ. ತಪ್ಪಿದ್ರೆ?"

"ತಪ್ಪಲಿ. ನನ್ನ ಕೈ ತಾನೇ."

ಧೈರ್ಯವಾಗಿ ಹೇಳಿಬಂದದ್ದೇನೋ ಸರಿ. ಆದರೆ ಒಂದು ಮಾತನ್ನು ಅವಳು ಮೇಡಂಗೆ ಹೇಳಿರಲಿಲ್ಲ. ಅವಳ ಕೈಯಲ್ಲಿ ನರ ಸಿಗುವುದು ಬಲು ಕಷ್ಟ. ಆಸ್ಪತ್ರೆಯಲ್ಲಿ ನೌಕರರ ರಕ್ತ ತೆಗೆಯುವ ದಿನ ಬಂದರೆ ಜೊತೆಯವರು ಅವಳನ್ನು ಕಂಡು ಓಡುತ್ತಿದ್ದರು. "ಊರಿಗೆಲ್ಲ ಹುಡುಕಿ ಕೊಡ್ತಾಳೆ, ತನ್ನದನ್ನ ಎಲ್ಲಿ ಬಚ್ಚಿಟ್ಟಿದ್ದಾಳೋ," ಎಂದು ಹೆರಿಗೆ ವಾರ್ಡಿನ ಸಿಸ್ಟರ್ ಕೂಡ ಒಮ್ಮೆ ಸೋತು ಬೈದಿದ್ದಳು.

ಆ ತಿಂಗಳೆಲ್ಲ ಅಕ್ಕ ಮಕ್ಕಳಿಗೆ ಸೂಜಿಯನ್ನೇ ಕೊಡಲಿಲ್ಲ. ಕಣ್ಣಿಗೆ ಕರವಸ್ತ್ರ ಕಟ್ಟಿಸಿ ಒಬ್ಬರ ಕೈ ಇನ್ನೊಬ್ಬರು ಮುಟ್ಟಿ ನೋಡುವಂತೆ ಮಾಡಿದಳು. ಬೆರಳಿಗೆ ಸಿಕ್ಕದ್ದನ್ನು ಬಾಯಲ್ಲಿ ಹೇಳಬೇಕು, ಪುಸ್ತಕದ ಮಾತು ಕೂಡದು. ಉದ್ದನೆಯ ಹುಡುಗಿ "ನೂಡಲ್ಸ್" ಎಂದಳು. ಹುಡುಗ "ಹೆಡ್‌ಫೋನ್ ವೈರು" ಎಂದ, ಅದು ನರವಲ್ಲ, ಸ್ನಾಯುವಿನ ಹುರಿ ಎಂದು ತಿಳಿದು ನಾಲಿಗೆ ಕಚ್ಚಿದ. ಪುಕ್ಕಲಿ ಮಣಿಕಟ್ಟಿನ ಹತ್ತಿರ ಬೆರಳು ನಿಲ್ಲಿಸಿ, "ಇದು ಬಡ್ಕೊಳ್ತಿದೆ ಮಿಸ್," ಎಂದಳು. "ಬಡ್ಕೊಂಡ್ರೆ ಅದು ಧಮನಿ, ಅಲ್ಲಿಗೆ ಹೋಗಲೇಬಾರದು," ಎಂದಳು ಅಕ್ಕ. ಕಣ್ಣು ಕಟ್ಟಿದ್ದಾಗ ಪುಕ್ಕಲಿಯ ಕೈ ನಡುಗುವುದಿಲ್ಲ ಎಂಬುದನ್ನು ಅವಳು ಗಮನಿಸಿದಳು, ಯಾರಿಗೂ ಹೇಳಲಿಲ್ಲ.

ಪರೀಕ್ಷೆಯ ದಿನ ಪರೀಕ್ಷಕಿ ಬಂದು, ರಬ್ಬರಿನ ಕೈ ಕಾಣದೆ ಸುತ್ತ ನೋಡಿದರು. ಅಕ್ಕ ಬಲತೋಳಿನ ಬಟ್ಟೆ ಮೇಲಕ್ಕೆ ಮಡಚಿ ಕುರ್ಚಿಯಲ್ಲಿ ಕೂತಿದ್ದಳು. ಮೇಡಂ ವಿಷಯ ಹೇಳಿದರು. ಪರೀಕ್ಷಕಿ ಹುಬ್ಬೇರಿಸಿ, ಮೂವರಲ್ಲಿ ಪುಕ್ಕಲಿಯನ್ನೇ ಬೆರಳು ತೋರಿಸಿ ಕರೆದರು.

ಹುಡುಗಿ ಕೈ ತೊಳೆದಳು, ಪಟ್ಟಿ ಕಟ್ಟಿದಳು, ಗ್ಲೌಸು ಹಾಕಿ ಅಕ್ಕನ ಮುಂಗೈಯ ಮೇಲೆ ಬೆರಳು ಇಟ್ಟಳು. ಒತ್ತಿದಳು, ಬಿಟ್ಟಳು. "ಇಲ್ಲಿ ವಾಪಸ್ ಬರ್ತಿದೆ ಮಿಸ್," ಎಂದಳು. ದನಿ ಎಷ್ಟು ಸಣ್ಣದೆಂದರೆ ಪರೀಕ್ಷಕಿ ಮುಂದೆ ಬಾಗಬೇಕಾಯಿತು. ಸ್ಪಿರಿಟ್ ಹತ್ತಿಯಿಂದ ಒರೆಸಿ ಸೂಜಿ ಹಾಕಿದಳು.

ಸೂಜಿ ಚರ್ಮ ದಾಟಿ, ನರದ ಮಗ್ಗುಲಿಗೆ ತಾಗಿ, ನರ ಜಾರಿ ಪಕ್ಕಕ್ಕೆ ಹೋದದ್ದು ಅಕ್ಕನಿಗೆ ಒಳಗಿನಿಂದ ಸ್ಪಷ್ಟವಾಗಿ ತಿಳಿಯಿತು. ಇಷ್ಟು ವರ್ಷ ಚುಚ್ಚಿದವಳು, ತಾನು ಚುಚ್ಚಿಸಿಕೊಂಡಾಗಲೂ ಇದನ್ನು ಹೀಗೆ ಗಮನಿಸಿರಲೇ ಇಲ್ಲ. ರಕ್ತ ಬರಲಿಲ್ಲ. ಹುಡುಗಿಯ ಹಣೆಯಲ್ಲಿ ಬೆವರು. ಬಲಗೈ ಕಟ್ಟುಬಿದ್ದಿತ್ತು ನಿಜ, ಈಗ ಎಡಗೈ ತೊಡೆಯ ಮೇಲಿಂದ ಎದ್ದಿತು. ಅಕ್ಕ ಅದನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತಳು.

"ಏನಾಯ್ತು?"

"ಸಿಗಲಿಲ್ಲ ಮಿಸ್. ಸಾರಿ ಮಿಸ್."

"ಸಾರಿ ಆಮೇಲೆ. ಸಿಗಲಿಲ್ಲ ಅನ್ನೋದು ನಂಗೂ ಗೊತ್ತು. ಸೂಜಿ ತಾಗಿದಾಗ ನಿನ್ನ ಬೆರಳಿಗೆ ಏನು ಗೊತ್ತಾಯ್ತು ಹೇಳು."

ಹುಡುಗಿ ಕಣ್ಣು ಮುಚ್ಚಿದಳು. ಪರೀಕ್ಷಕಿಯ ಪೆನ್ನು ನಿಂತಿತ್ತು. "ಅದು... ಜಾರ್ಕೊಳ್ತು. ಪಕ್ಕಕ್ಕೆ."

"ಹೌದು, ಜಾರಿತು. ಒಳಗೆ ನಂಗೂ ಹಾಗೇ ಆಯ್ತು. ಜಾರೋಕೆ ಯಾರು ಬಿಟ್ರು?"

ಹುಡುಗಿ ಕಣ್ಣು ತೆರೆದು ತನ್ನದೇ ಎಡಗೈ ಹೆಬ್ಬೆರಳನ್ನು ನೋಡಿದಳು. ಅದು ಏನೂ ಮಾಡದೆ ಗಾಳಿಯಲ್ಲಿ ನಿಂತಿತ್ತು. "ಚರ್ಮ ಎಳೆದು ಹಿಡಿಲಿಲ್ಲ ನಾನು."

"ಸರಿ. ಈಗ ಏನು ಮಾಡ್ತೀಯ?"

"ಪಟ್ಟಿ ಬಿಚ್ಚಿ ಸೂಜಿ ತೆಗೀತೀನಿ. ಒತ್ತಿ ಹಿಡೀತೀನಿ. ಹೊಸ ಸೂಜಿ ತಗೋತೀನಿ. ಆಮೇಲೆ..." ಅವಳು ಅಕ್ಕನ ಮುಖ ನೋಡಿದಳು. "ಇನ್ನೊಂದ್ಸಲ ಚುಚ್ಚಬಹುದಾ ಮಿಸ್?"

"ನನ್ನ ಕೇಳಬೇಡ. ನಾನೀಗ ರೋಗಿ. ರೋಗಿನ ಕೇಳು."

"ಅಮ್ಮಾ, ಇನ್ನೊಂದ್ಸಲ ಚುಚ್ಚಬಹುದಾ?" ಎಂದಳು ಪುಕ್ಕಲಿ. ಕನ್ನಡಕದ ಹುಡುಗ ಕಿಸಕ್ಕನೆ ನಕ್ಕ. ಅವಳ ಮುಖ ಕೆಂಪಾಯಿತು, ಆದರೆ ಕೈ ನಡುಗಲಿಲ್ಲ.

"ಚುಚ್ಚಮ್ಮ," ಎಂದಳು ಅಕ್ಕ.

ಹುಡುಗಿ ಹೇಳಿದಂತೆಯೇ ಸೂಜಿ ತೆಗೆದು, ಪಟ್ಟಿ ಮತ್ತೆ ಕಟ್ಟಿ, ಮುಂಗೈ ಬಿಟ್ಟು ಮೇಲಕ್ಕೆ ಬಂದಳು. ಅಲ್ಲಿ ಸಿಗಲಿಲ್ಲ. ಆಮೇಲೆ, ಏನನಿಸಿತೋ, ನೆಲಕ್ಕೆ ಮೊಣಕಾಲೂರಿ ಕೂತು ಅಕ್ಕನ ಕೈಯನ್ನು ಮೆಲ್ಲಗೆ ಹೊರಳಿಸಿ, ಮೊಣಕೈ ಕೆಳಗೆ, ಕಿರುಬೆರಳಿನ ಕಡೆಯ ಹಿಂಬದಿಗೆ ಬೆರಳು ಹಾಯಿಸಿದಳು. ಅಲ್ಲಿ ನನ್ನದು ಇಲ್ಲ ಮಗಳೇ, ಎನ್ನುವ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಬಿಟ್ಟರೆ ಅದೂ ಸೂಜಿ ಕಿತ್ತುಕೊಂಡಂತೆಯೇ ಎಂದು ಹಲ್ಲು ಕಚ್ಚಿದಳು. ಬೆರಳು ಒತ್ತಿತು, ಬಿಟ್ಟಿತು. ಸ್ವಲ್ಪ ಸರಿಯಿತು. ಮತ್ತೆ ಒತ್ತಿತು, ಬಿಟ್ಟಿತು, ನಿಂತಿತು.

ಹತ್ತಿಯಿಂದ ಒರೆಸಿದಳು. ಈ ಸಲ ಹೆಬ್ಬೆರಳು ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದಿತ್ತು. ಸೂಜಿ ಒಳಗೆ ಹೋಯಿತು. ಅದರ ಹಿಂದಿನ ಸಣ್ಣ ಗೂಡಿನಲ್ಲಿ ಕೆಂಪು ಮೂಡಿತು, ಈ ಸಲ ಬಣ್ಣದ ನೀರಲ್ಲ. ಹುಡುಗಿ ಸೂಜಿಯನ್ನು ಇನ್ನೂ ಓರೆ ಮಾಡಿ ಅದರ ಮೇಲಿನ ಮೆತ್ತನೆಯ ಕೊಳವೆಯನ್ನು ನರದೊಳಗೆ ಜಾರಿಸಿದಳು, ಪಟ್ಟಿ ಬಿಚ್ಚಿದಳು, ಸೂಜಿ ತೆಗೆದು ಟೇಪು ಅಂಟಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಹತ್ತಿರ ಬಾಗಿ ಎಲ್ಲರೂ ನೋಡುತ್ತಿದ್ದರು.

ಅಲ್ಲೊಂದು ನರ ಇರುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು. ಮಂಚದ ಪಕ್ಕ ನಿಂತು ಕೆಲಸ ಮಾಡುವವರಿಗೆ ಅದು ಎಟುಕದ ಮೂಲೆ, ಹಾಗಾಗಿ ಅತ್ತ ಹೋಗುವವರೇ ಕಡಿಮೆ. ತನ್ನ ಕೈಯಲ್ಲಿ ಅದು ಇಷ್ಟು ದಪ್ಪಗೆ ಇದೆ ಎಂದು ಮಾತ್ರ ಅವಳಿಗೆ ಈ ಗಳಿಗೆಯವರೆಗೆ ತಿಳಿದಿರಲಿಲ್ಲ.

"ಅತ್ತ ಯಾಕೆ ಹೋದೆ?" ಎಂದು ಕೇಳಿದಳು. ಪರೀಕ್ಷಕರಿಗೆ ತೋರಿಸಲು ಕೇಳಿದ ಪ್ರಶ್ನೆಯಾಗಿರಲಿಲ್ಲ ಅದು. ನಿಜವಾಗಿ ತಿಳಿಯಬೇಕಾಗಿತ್ತು.

"ಮುಂದೆ ಎಲ್ಲೂ ಇರಲಿಲ್ಲ ಮಿಸ್. ನನ್ನ ಗೆಳತಿ ಕೈಯಲ್ಲಿ ಕಣ್ಣು ಕಟ್ಕೊಂಡು ನೋಡುವಾಗ ಹಿಂದುಗಡೆ ಸಿಕ್ಕಿತ್ತು. ಮಲಗಿದವರಿಗಾದ್ರೆ ಕಷ್ಟ. ನೀವು ಕೂತಿದ್ರಲ್ಲ, ನಾನೂ ಕೂತ್ಕೊಂಡೆ."

"ಎಲ್ಲಿ, ನಂಗೂ ತೋರಿಸು. ಎಡಗೈಲಿ ಇದೆಯಾ ನೋಡೋಣ. ನೀನು ಬೆರಳು ಇಡು, ಅದರ ಮೇಲೆ ನಾನು ಇಡ್ತೀನಿ." ಉದ್ದನೆಯ ಹುಡುಗಿ, ಹುಡುಗ ಇಬ್ಬರೂ ಅಂಗಿಯ ತೋಳು ಮಡಚಿಕೊಂಡು ತಮ್ಮ ತಮ್ಮ ಕೈಗಳನ್ನು ತಿರುಚಿ ನೋಡತೊಡಗಿದರು. ಪರೀಕ್ಷಕಿ ಗಂಟಲು ಸರಿ ಮಾಡಿಕೊಂಡು, "ಸಮಯ ಆಯ್ತು," ಎಂದರು. ಎರಡನೆಯ ಸಲ ಹೇಳಿದಾಗಲೇ ಅಕ್ಕನಿಗೆ ಕೇಳಿಸಿದ್ದು.

"ಒಂದು ಪ್ರಶ್ನೆ," ಎಂದರು ಪರೀಕ್ಷಕಿ. "ಎರಡನೇ ಸಲವೂ ತಪ್ಪಿದ್ರೆ ಏನು ಮಾಡ್ತಿದ್ರಿ?"

"ಇವತ್ತಿಗೆ ಸಾಕು ಅಂತಿದ್ದೆ. ಯಾಕೆ ತಪ್ಪಿತು ಅಂತ ಅವಳ ಬಾಯಲ್ಲೇ ಹೇಳಿಸ್ತಿದ್ದೆ. ನಾಳೆ ಇನ್ನೊಂದು ಪಾಠ ಇಡ್ತಿದ್ದೆ."

"ನಿಮ್ಮ ಪರೀಕ್ಷೆ ಇವತ್ತಿಗೇ ಮುಗಿಯುತ್ತಲ್ಲ."

"ನಂದು ಮುಗೀತಿತ್ತು. ಅವಳದು ಮುಗೀತಿರಲಿಲ್ಲ."

ಪರೀಕ್ಷಕಿ ಬರೆದುಕೊಂಡು ಎದ್ದರು.

ಊಟದ ಹೊತ್ತು ಕಳೆದ ಮೇಲೆ ಮೇಡಂ ಅಕ್ಕನನ್ನು ಕೋಣೆಗೆ ಕರೆಸಿದರು. "ಪಾಸ್ ಮಾಡಿದ್ದಾರೆ. ಮಾತು ಸ್ವಲ್ಪ ಜಾಸ್ತಿ, ಸಮಯ ಮೀರಿತು ಅಂತ ಅಂಕ ಕಳೆದಿದ್ದಾರೆ, ಅದಿರಲಿ. ಮುಂದಿನ ಅವಧಿಯಿಂದ ಮೊದಲ ವರ್ಷದ ಮಕ್ಕಳು ನಿಮ್ಮ ಜವಾಬ್ದಾರಿ." ಅಕ್ಕ ಕುಣಿದಾಡುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಅವರು ಕಾದರು. ಅಕ್ಕ ತಲೆಯಾಡಿಸಿದಳು, ಥ್ಯಾಂಕ್ಸ್ ಎಂದೂ ಹೇಳಿದಳು, ಆದರೆ ಅವಳ ಕಣ್ಣು ಬೇರೆಲ್ಲೋ ಇತ್ತು. ಮೇಜಿನ ಮೇಲೆ ಚಾಚಿಕೊಂಡಿದ್ದ ಮೇಡಂ ತೋಳಿನ ಮೇಲೆ.

"ಮೇಡಂ, ತಪ್ಪು ತಿಳ್ಕೋಬೇಡಿ. ಒಂದ್ನಿಮಿಷ ನಿಮ್ಮ ಕೈ ಕೊಡ್ತೀರಾ? ತೆಳ್ಳಗಿರೋರಿಗೂ ಹಿಂದುಗಡೆ ನರ ಅಷ್ಟೇ ದಪ್ಪ ಇರುತ್ತಾ ನೋಡಬೇಕು."

ಯಾರಾದರೂ ಮೇಡಂ ಕೈ ಕುಲುಕಿದ್ದು ಕೂಡ ಆ ಕಾಲೇಜಿನಲ್ಲಿ ಯಾರಿಗೂ ನೆನಪಿರಲಿಲ್ಲ. ಅವರು ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು ತೋಳು ಮುಂದೆ ನೀಡಿದರು. ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಆ ಕಡ್ಡಿ ಕೈಯನ್ನು ಮೆಲ್ಲಗೆ ಹೊರಳಿಸಿ ಕಣ್ಣು ಮುಚ್ಚಿದಳು.

"ಇದೆಯಾ?" ಎಂದು ಕೇಳಿದರು ಮೇಡಂ, ತಾವೂ ಬಾಗಿ.

"ಶ್. ಇರಿ ಮೇಡಂ, ಹುಡುಕ್ತಿದ್ದೀನಿ."